ಜೋಡಿ ಸೀನು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ನಮ್ಮವ್ವ ಚಿಕ್ಕಂದಿನಿಂದ ಬೈಯುತ್ತಿದ್ದಳು. ಮದುವೆಯಾಗಿ ಜಗಳೂರು ಸೀಮೆಗೆ ಬಂದ ಮೇಲೆ ಅದೇ ಜಾಗಕ್ಕೆ ಸೀನೂ ಬಂದು ಕೂತಿತು. ಸಂಕ್ರಾಂತಿ ಮುಗಿದು ಗಾಳಿ ಒಣಗಿದರೆ ಸಾಕು, ಬೆಳಗ್ಗೆ ಕಣ್ಣು ಬಿಡುವ ಮೊದಲೇ ಮೂಗಿನೊಳಗೆ ಇರುವೆ ಹರಿದಂತಾಗುತ್ತದೆ. ಕಣ್ಣು ಕೆಂಪಾಗುತ್ತದೆ, ಅಂಗುಳ ನವೆ, ಕಿವಿಯೊಳಗೂ ನವೆ. ಶಿವರಾತ್ರಿ ಕಳೆದು ಬಿಸಿಲು ಪೂರ್ತಿ ಏರುವ ತನಕ ಇದೇ ಪಾಡು. ನಲ್ಲೂರಿನ ನನ್ನ ತವರಿನಲ್ಲಿ ಮಳೆಯಲ್ಲಿ ನೆನೆದರೂ ಸೀನದವಳು ನಾನು. ಅಲ್ಲಿ ನಾಲೆ ನೀರು, ಸದಾ ತಂಪು ನೆಲ. ಇಲ್ಲಿ ಮೆಕ್ಕೆಜೋಳದ ಕೂಳೆ ಒಣಗಿ ನಿಂತ ಹೊಲ, ಜಾಲಿ ಮುಳ್ಳು, ಬಾಯಿ ತೆರೆದರೆ ಒಳಗೆ ಹೋಗುವ ಧೂಳು.

ಧೂಳಿಗಿಂತ ಕೆಟ್ಟದ್ದು ನಮ್ಮ ಹಿತ್ತಲಿನ ತಪಸಿ ಮರ. ಮಾಘದ ಹೊತ್ತಿಗೆ ಅದು ಎಲೆಯನ್ನೆಲ್ಲ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಬೋಳು ಕೊಂಬೆಯ ಮೇಲೆ ಹೂ ಬಿಡುತ್ತದೆ. ಹೂವೆಂದರೆ ಮುಡಿಯುವ ಹೂವಲ್ಲ, ದೇವರಿಗೆ ಏರಿಸುವ ಹೂವೂ ಅಲ್ಲ. ಕಂದು ಬಣ್ಣದ ಸಣ್ಣ ಗೊಂಚಲು, ಹತ್ತಿರ ಹೋಗಿ ನೋಡಿದರೆ ಮಾತ್ರ ಕಾಣುತ್ತದೆ. ಗಾಳಿ ಬೀಸಿದಾಗ ಅದರಿಂದ ಹಳದಿ ಪುಡಿ ಏಳುತ್ತದೆ. ಒಣಹಾಕಿದ ಬಟ್ಟೆಯ ಮೇಲೆ, ನೀರಿನ ತೊಟ್ಟಿಯ ಮೇಲೆ, ಹಿತ್ತಲ ಬಾಗಿಲಿನ ಮೆಟ್ಟಿಲುಗಲ್ಲಿನ ಮೇಲೆ ಅದು ತೆಳ್ಳಗೆ ಕೂರುತ್ತದೆ. ನನ್ನ ಮೂಗು ಹುಡುಕುವುದು ಅದನ್ನೇ.

ಮೂಗಿನ ಕಾಟ ನನ್ನೊಬ್ಬಳಿಗೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ನಾನು ಸೊಸೆಯಾಗಿ ಸೇರಿದ್ದು ಎಂಥ ಮನೆಯನ್ನು? ನಮ್ಮ ಮಾವ ಬಸವರಾಜಪ್ಪನವರ ಮನೆಯನ್ನು. ಯಾರಾದರೂ ಹೊರಡುವಾಗ ಒಂಟಿ ಸೀನು ಕೇಳಿದರೆ ಆ ಮನೆಯಲ್ಲಿ ಒಬ್ಬರೂ ಹೊಸ್ತಿಲು ದಾಟುವಂತಿಲ್ಲ. ಇದು ಎಲ್ಲ ಕಡೆ ಇರುವುದೇ ಬಿಡಿ. ನಮ್ಮ ತವರಿನಲ್ಲೂ ಒಂಟಿ ಸೀನಾದರೆ ಒಂದು ಗಳಿಗೆ ಕೂತು, ನೀರು ಕುಡಿದು ಹೊರಡುತ್ತಾರೆ. ಇಲ್ಲಿ ಅಷ್ಟಕ್ಕೆ ಬಿಡುವುದಿಲ್ಲ. ಸೀನು ಜೋಡಿ ಆಗುವ ತನಕ ಕೂರಬೇಕು. ಒಂದಾದರೆ ಇನ್ನೊಂದು ಬರಬೇಕು, ಮೂರಾದರೆ ನಾಲ್ಕನೆಯದು ಬರಬೇಕು. ನಶ್ಯ ಏರಿಸಿಯೋ ಮೂಗಿಗೆ ದಾರ ತುರುಕಿಯೋ ಬರಿಸಿಕೊಂಡ ಸೀನು ಲೆಕ್ಕಕ್ಕಿಲ್ಲ. ಯಾರದೇ ಆಗಲಿ, ತಾನಾಗಿಯೇ ಬರಬೇಕು.

ಇಂಥ ಮನೆಗೆ ನನ್ನಂಥ ಮೂಗಿನವಳು ಬಂದರೆ ಏನಾಗಬೇಕು, ನೀವೇ ಹೇಳಿ.

ನನ್ನ ಯಜಮಾನರು ಸಿದ್ದಲಿಂಗೇಶ್ ಜಗಳೂರಿನಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ದಿನಾ ಬೆಳಗ್ಗೆ ಹೆಲ್ಮೆಟ್ ಹಾಕಿಕೊಂಡು ಹೊಸ್ತಿಲ ಬಳಿ ಬರುವುದಕ್ಕೂ ಅಡುಗೆಮನೆಯಲ್ಲಿ ನಾನು ಸೀನುವುದಕ್ಕೂ ಸರಿಹೋಗುತ್ತಿತ್ತು. ನಾನು ಒಂದು ಸೀನಿ ಸುಮ್ಮನಾಗುವವಳಲ್ಲ, ಶುರುವಾದರೆ ಸಾಲುಸಾಲು. ಇವರು ಹೆಲ್ಮೆಟ್ಟಿನೊಳಗಿಂದಲೇ ಎಣಿಸುತ್ತಿದ್ದರು. ಮಾವ ಪಡಸಾಲೆಯ ಕುರ್ಚಿಯಲ್ಲಿ ನಶ್ಯದ ಡಬ್ಬಿ ಹಿಡಿದುಕೊಂಡು ಎಣಿಸುತ್ತಿದ್ದರು. ನನ್ನ ಸೀನನ್ನು ಇಬ್ಬರು ಗಂಡಸರು ಹಾಲಿನ ಡೇರಿಯವರ ಹಾಗೆ ಅಳೆಯುವುದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇದು ಹೂವಿನ ಪುಡಿಯ ಅಲರ್ಜಿ, ಶಕುನವಲ್ಲ ಎಂದು ನಾನು ಮಾವನ ಎದುರಿಗೇ ವಾದ ಮಾಡಿದೆ. ಅವರು ಕೋಪಿಸಿಕೊಳ್ಳಲಿಲ್ಲ. ಪುಡಿಯಿಂದ ಬಂದರೇನು, ನೆಗಡಿಯಿಂದ ಬಂದರೇನು, ಹೊರಡುವಾಗ ಬಂತಲ್ಲ ಎಂದಷ್ಟೇ ಹೇಳಿ ತಲೆ ತಗ್ಗಿಸಿದರು.

ಆ ಮೊದಲ ವರ್ಷ ನನಗೆ ಒಂದು ವಿಷಯ ತಡವಾಗಿ ಹೊಳೆಯಿತು. ಇಷ್ಟೆಲ್ಲ ಸೀನಿದರೂ ನನ್ನಿಂದ ಯಾರ ಪ್ರಯಾಣವೂ ನಿಂತಿರಲಿಲ್ಲ. ಲೆಕ್ಕ ಯಾವಾಗಲೂ ಸಮವೇ ಬರುತ್ತಿತ್ತು. ನನ್ನ ಮೂಗಿಗೆ ಅಷ್ಟು ಗಣಿತ ಎಲ್ಲಿಂದ ಬಂತು ಎಂದು ನಗೆಯಾಡಿಕೊಂಡಿದ್ದೆ. ಒಂದು ಬೆಳಗ್ಗೆ ರೊಟ್ಟಿ ತಟ್ಟುತ್ತಾ ನಾನೂ ಎಣಿಸಿದೆ. ಮೂರು ಸೀನಿದ್ದೆ. ನಾಲ್ಕನೆಯದು ಬರಲಿಲ್ಲ, ಮೂಗು ಹಗುರಾಗಿ ನಿಂತುಹೋಯಿತು. ಅಯ್ಯೋ, ಇವತ್ತು ಇವರು ಅಂಗಡಿಗೆ ಹೋದ ಹಾಗೇ ಅಂದುಕೊಳ್ಳುವಷ್ಟರಲ್ಲಿ ಹೊರಗೆ ಬೈಕ್ ಸ್ಟಾರ್ಟ್ ಆಯಿತು. ಸಂಜೆ ಬಂದಾಗ ಕೇಳಿದೆ. ನಾಲ್ಕಾಯ್ತಲ್ಲ, ನಾನೇ ಎಣಿಸಿದೆನಲ್ಲ ಎಂದರು.

ಮಾರನೆಯ ದಿನ ಕಿವಿಗೊಟ್ಟು ನಿಂತೆ. ಐದು ಸೀನಿದೆ. ಸೆರಗಿನಿಂದ ಮೂಗು ಒರೆಸಿಕೊಂಡು ಉಸಿರು ಬಿಗಿಹಿಡಿದೆ. ಆಗ ನನ್ನ ಬೆನ್ನ ಹಿಂದೆ, ಹಿತ್ತಲ ಬಾಗಿಲ ಕಡೆಯಿಂದ, ಒಂದು ಸೀನು ಕೇಳಿಸಿತು. ಸಣ್ಣ ಸೀನು. ದೊಡ್ಡವರು ಬೈದಾರೆಂದು ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡು ಮಕ್ಕಳು ಸೀನುತ್ತಾರಲ್ಲ, ಆ ಥರ. ನನಗಾಗ ಇನ್ನೂ ಮಕ್ಕಳಿರಲಿಲ್ಲ. ಅಕ್ಕಪಕ್ಕದಲ್ಲಿ ಮನೆಯಿಲ್ಲ, ಹಿತ್ತಲಿನಾಚೆ ನಮ್ಮದೇ ಶೇಂಗಾ ಹೊಲ. ಕೈಯಲ್ಲಿದ್ದ ಹಿಟ್ಟಿನ ಉಂಡೆ ಹಾಗೇ ಹಿಡಿದುಕೊಂಡು ಹೋಗಿ ಬಾಗಿಲು ತೆರೆದೆ. ಯಾರೂ ಇರಲಿಲ್ಲ. ಮರ ಬೋಳಾಗಿ ನಿಂತಿತ್ತು. ಮೆಟ್ಟಿಲುಗಲ್ಲಿನ ಮೇಲೆ ಹಳದಿ ಪುಡಿ ಕೂತಿತ್ತು. ಆ ಪುಡಿಯ ನಡುವೆ ಒಂದು ಕಡೆ ಮಾತ್ರ ಕಲ್ಲು ಸ್ವಚ್ಛವಾಗಿತ್ತು. ಒಂದು ಚಿಕ್ಕ ಮಗು ಕೂತು ಎದ್ದುಹೋದರೆ ಎಷ್ಟು ಜಾಗ ಒರೆಸಿಹೋಗುತ್ತದೋ ಅಷ್ಟೇ.

ಅಲ್ಲೇ ಪಕ್ಕದಲ್ಲಿ ಒಂದು ತಾಮ್ರದ ಚೊಂಬಿನಲ್ಲಿ ನೀರಿತ್ತು. ಆ ಚೊಂಬನ್ನು ನಮ್ಮತ್ತೆ ಕಸ್ತೂರಮ್ಮ ಮಾಘ ಹುಟ್ಟಿದ ದಿನದಿಂದ ಪ್ರತಿ ಬೆಳಗ್ಗೆ ತುಂಬಿಸಿ ಇಡುತ್ತಿದ್ದರು. ಯಾಕೆ ಅತ್ತೆ ಎಂದು ಹಿಂದೊಮ್ಮೆ ಕೇಳಿದ್ದಕ್ಕೆ ಗುಬ್ಬಿಗೆ ಎಂದಿದ್ದರು. ಗುಬ್ಬಿ ಕುಡಿಯುವ ನೀರನ್ನು ಯಾರಾದರೂ ಕುತ್ತಿಗೆ ಸಣ್ಣಗಿರುವ ಚೊಂಬಿನಲ್ಲಿ ಇಡುತ್ತಾರೆಯೇ? ಆವತ್ತು ನಾನು ಹಿತ್ತಲಿಂದ ಬಿಳುಚಿಕೊಂಡು ಒಳಗೆ ಬಂದದ್ದನ್ನು ಅತ್ತೆ ನೋಡಿದರು. ನನ್ನ ಕೈಯಿಂದ ಹಿಟ್ಟು ತೆಗೆದುಕೊಂಡು ರೊಟ್ಟಿ ತಟ್ಟತೊಡಗಿದರು.

ಭಯವೂ ಹಳೆಯದಾಗುತ್ತದೆ. ವರ್ಷ ಕಳೆದಂತೆ ನಾನು ಆ ಸೀನಿಗೆ ಒಗ್ಗಿಕೊಂಡೆ. ಪ್ರತಿ ಮಾಘದಲ್ಲೂ ಅದು ಬರುತ್ತಿತ್ತು, ನನ್ನ ಲೆಕ್ಕ ಬೆಸ ಬಂದ ದಿನ ಮಾತ್ರ ಬರುತ್ತಿತ್ತು. ನಾನು ಜೋಡಿಯಾಗಿ ಸೀನಿದ ದಿನ ಹಿತ್ತಲು ತೆಪ್ಪಗಿರುತ್ತಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಇವರು ನನ್ನನ್ನು ಯಾವ ಮಠಕ್ಕೆ ಕರೆದೊಯ್ಯುತ್ತಿದ್ದರೋ. ನಿಜ ಹೇಳಬೇಕೆಂದರೆ ಆ ಮನೆಯಲ್ಲಿ ನನ್ನ ಕಡೆಗೆ ಇದ್ದದ್ದು ಅದೊಂದೇ ಎಂದು ನನಗೆ ಅನಿಸುತ್ತಿತ್ತು. ಕೆಲವು ದಿನ ಗುಡಿಸುವಾಗ ಆ ಸ್ವಚ್ಛ ಜಾಗವನ್ನು ನೋಡಿ ಯಾರವ್ವ ನೀನು ಎಂದು ಮೆಲ್ಲಗೆ ಕೇಳಿದ್ದೂ ಉಂಟು. ಉತ್ತರ ಬಂದಿದ್ದರೆ ನಾನು ಆ ಮನೆಯಲ್ಲಿ ಇರುತ್ತಿರಲಿಲ್ಲ.

ಆಮೇಲೆ ಕಾವ್ಯಶ್ರೀ ಹುಟ್ಟಿದಳು. ಅವಳು ಬಾಲವಾಡಿಗೆ ಹೋಗುವ ವಯಸ್ಸಿಗೆ ನನ್ನ ಮೂಗು ಅವಳಿಗೂ ಬಂತು. ನನ್ನದು ಬರೀ ಮೂಗು, ಅವಳದು ಎದೆಗೆ ಇಳಿಯುತ್ತಿತ್ತು. ಮಾಘದ ಗಾಳಿ ಎದ್ದರೆ ಕೂಸಿನ ಎದೆ ಹಳೆ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ನನಗೆ ಗೊತ್ತಿದ್ದದ್ದೆಲ್ಲ ಮಾಡಿದೆ. ಬೆಳಗ್ಗೆ ಕಿಟಕಿ ತೆರೆಯುವುದನ್ನು ನಿಲ್ಲಿಸಿದೆ, ಬಾಗಿಲಿಗೆ ಒದ್ದೆ ಪಂಚೆ ಕಟ್ಟಿದೆ, ಬಟ್ಟೆಯನ್ನು ಹಿತ್ತಲಿನ ಬದಲು ಒಳಗೇ ಒಣಹಾಕಿದೆ. ಮಲಗುವ ಮುಂಚೆ ಅವಳ ತಲೆ ತೊಳೆದೆ, ಮೂಗಿನ ಹೊಳ್ಳೆಗೆ ತುಪ್ಪ ಹಚ್ಚಿದೆ. ಅತ್ತೆ ಅರಿಶಿನದ ಕೊಂಬು ಸುಟ್ಟು ಹೊಗೆ ತೋರಿಸಲು ಬಂದಾಗ ಹೊಗೆ ಬೇಡವೆಂದು ಜಗಳವಾಡಿದೆ. ಔಷಧಿ ಅಂಗಡಿಯವನು ಕೊಟ್ಟ ಮಾತ್ರೆ, ಉಸಿರಿಗೆ ಎಳೆದುಕೊಳ್ಳುವ ಪಂಪು ಸದಾ ನನ್ನ ಕೈಗೆಟುಕುವಂತೆ ಇರುತ್ತಿದ್ದವು. ಹಿಂಗಾರು ಚೆನ್ನಾಗಿ ಹಿಡಿದ ವರ್ಷ ತಪಸಿ ಹೆಚ್ಚು ಹೂ ಬಿಡುತ್ತದೆ ಎಂದು ಮಾತ್ರ ನನಗೆ ಆಗ ಗೊತ್ತಿರಲಿಲ್ಲ.

ಹೋದ ವರ್ಷ ಹಾಗೇ ಆಯಿತು. ಅದೊಂದು ಭಾನುವಾರ, ಇವರು ಮನೆಯಲ್ಲೇ ಇದ್ದರು. ಬೆಳಗ್ಗೆಯೇ ಮಾತ್ರೆ ನುಂಗಿದ್ದರಿಂದ ನನ್ನ ಮೂಗು ಎಂದಿಲ್ಲದ ಹಾಗೆ ಒಣಗಿ ಸುಮ್ಮನಿತ್ತು. ನಾನು ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಕೂಸು ಒದ್ದೆ ಪಂಚೆಯ ಕೆಳಗಿಂದ ನುಸುಳಿ ಹಿತ್ತಲಿಗೆ ಹೋಗಿ, ಉದುರಿದ ಹೂವನ್ನು ಮೊರದಲ್ಲಿ ಕೇರುವ ಆಟ ಆಡಿತ್ತು. ನಾನು ತಲೆ ಒರೆಸಿಕೊಳ್ಳುತ್ತಾ ಬಂದಾಗ ಅದು ಪಡಸಾಲೆಯ ಕಂಬ ಹಿಡಿದು ನಿಂತಿತ್ತು. ಪಕ್ಕೆಲುಬು ಒಳಗೆ ಹೋಗಿ ಹೊರಗೆ ಬರುತ್ತಿತ್ತು. ತುಟಿಯ ಬಣ್ಣ ನೇರಳೆಗೆ ತಿರುಗಿತ್ತು. ಪಂಪು ಒತ್ತಿದೆ, ಮತ್ತೆ ಒತ್ತಿದೆ. ಔಷಧಿ ಒಳಗೆ ಹೋಗಲು ಉಸಿರು ಒಳಗೆ ಹೋಗಬೇಕಲ್ಲ. ಕೂಸು ನನ್ನನ್ನು ನೋಡಿತು, ಅಳಲೂ ಅದಕ್ಕೆ ಆಗಲಿಲ್ಲ.

ಇವರು ಅಂಗಡಿಯ ಲಗೇಜ್ ಆಟೋದ ಕೀಲಿ ತೆಗೆದುಕೊಂಡು ಓಡಿದರು. ನಾನು ಕೂಸನ್ನು ಎತ್ತಿಕೊಂಡು ಹಿಂದೆಯೇ ಓಡಿದೆ. ಹೊಸ್ತಿಲಿಗೆ ಕಾಲಿಡುವ ಹೊತ್ತಿಗೆ ನನ್ನ ಭುಜದ ಮೇಲಿದ್ದ ಕೂಸು ಸೀನಿತು. ಒಂದೇ ಒಂದು.

ಇವರ ಕಾಲು ನಿಂತುಬಿಟ್ಟವು. ನಡೆಯುವುದನ್ನು ಕಲಿತ ದಿನದಿಂದ ರೂಢಿಯಾದದ್ದಕ್ಕೆ ಅವರ ಮೈ ತಾನಾಗಿಯೇ ತಲೆಬಾಗಿತು. ಮಾವ ಎದ್ದು ಬಂದು ಮಗನ ಕೈಯಿಂದ ಕೀಲಿ ಕಿತ್ತುಕೊಂಡರು. ಬಾಗಿಲ ಎರಡೂ ಕಡೆಯ ಚೌಕಟ್ಟನ್ನು ಹಿಡಿದು ಅಡ್ಡ ನಿಂತರು.

"ಕೂತ್ಕಳ್ರಿ. ನೀರು ಕುಡೀರಿ. ಇನ್ನೊಂದು ಬರ್ಲಿ" ಎಂದರು.

"ಮಾವ, ಕೂಸಿಗೆ ಉಸಿರು ಸಿಗ್ತಿಲ್ಲ. ದಾರಿ ಬಿಡ್ರಿ."

"ಒಂಟಿ ಸೀನಿನ ಮ್ಯಾಲೆ ಹೊಂಟ್ರೆ ಏನಾಗ್ತೈತೆ ಅಂತ ನಂಗೊತ್ತೈತೆ ಕಣವ್ವ. ನಿಂಗೊತ್ತಿಲ್ಲ."

ನಾನು ಅವರನ್ನು ತಳ್ಳಿದೆ. ಹೌದು, ಮಾವನನ್ನು ತಳ್ಳಿದೆ, ಈಗಲೂ ತಳ್ಳುತ್ತೇನೆ. ಅವರು ಅಲುಗಲಿಲ್ಲ. ಚೌಕಟ್ಟು ಹಿಡಿದ ಬೆರಳು ಬೆಳ್ಳಗಾಗಿದ್ದವು. ಅವರು ಅಳುತ್ತಿದ್ದರು. ಸಿಟ್ಟಿನಲ್ಲಿ ಅಡ್ಡ ನಿಂತವರನ್ನು ಸಿಟ್ಟಿನಿಂದ ಸರಿಸಬಹುದು, ಹೆದರಿ ಅಡ್ಡ ನಿಂತವರನ್ನು ಏನು ಮಾಡುವುದು? ನಾನು ಅವರ ಜುಬ್ಬದ ಜೇಬಿಗೆ ಕೈಹಾಕಿ ನಶ್ಯದ ಡಬ್ಬಿ ಎಳೆದು, ಚಿಟಿಕೆ ತೆಗೆದು ಮೂಗಿಗೆ ಏರಿಸಿ ಸೀನಿದೆ. ಕಣ್ಣಲ್ಲಿ ನೀರು ಬಂತು. ಆಯ್ತಲ್ಲ, ಜೋಡಿ ಆಯ್ತಲ್ಲ ಎಂದು ಕಿರುಚಿದೆ. ಮಾವ ತಲೆ ಆಡಿಸಿದರು. ನಶ್ಯದ ಸೀನು ಲೆಕ್ಕಕ್ಕಿಲ್ಲ ಎಂದರು. ಇವರತ್ತ ತಿರುಗಿ, ನೀವು ಗಂಡಸರೇ ಆದರೆ ಅವರನ್ನು ಎಳೆದುಹಾಕಿ ಎಂದೆ. ಇವರು ಅಪ್ಪನ ತೋಳು ಹಿಡಿದರು, ಎಳೆಯಲಿಲ್ಲ. ನನ್ನ ಭುಜದ ಮೇಲೆ ಕೂಸಿನ ತಲೆ ಭಾರವಾಗತೊಡಗಿತು. ಕಿರುಗುಟ್ಟುವ ಶಬ್ದವೂ ಕಡಿಮೆಯಾಯಿತು. ಅದು ಕಡಿಮೆಯಾದದ್ದು ಒಳ್ಳೆಯದಕ್ಕಲ್ಲ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಾನು ಹಿತ್ತಲ ಕಡೆಗೆ ತಿರುಗಿದೆ. ಇಷ್ಟು ವರ್ಷ ನಾನು ಕರೆಯದೆಯೇ ಬರುತ್ತಿದ್ದೆಯಲ್ಲ, ಈಗ ಬಾ ಎಂದು ಮನಸ್ಸಿನಲ್ಲೇ ಅಂದೆ. ಆಗ ಹಿತ್ತಲ ಬಾಗಿಲ ಬಳಿ ಅದು ಸೀನಿತು.

ಯಾವಾಗಲೂ ಬಾಯಿ ಮುಚ್ಚಿಕೊಂಡು ಸೀನುತ್ತಿದ್ದದ್ದು ಆವತ್ತು ಕೈ ತೆಗೆದು ಸೀನಿತು. ಪಾತ್ರೆ ಬಿದ್ದಷ್ಟು ಜೋರಾಗಿ ಕೇಳಿಸಿತು. ನಾವು ಮೂವರೂ ಮುಂಬಾಗಿಲಲ್ಲೇ ಇದ್ದೆವು. ಅತ್ತೆ ಅಡುಗೆಮನೆಯ ಗೋಡೆಗೆ ಒರಗಿ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದರು. ಹಿಂದೆ ಯಾರೂ ಇರಲಿಲ್ಲ. ಒದ್ದೆ ಪಂಚೆ ಗಾಳಿಯಿಲ್ಲದೆಯೂ ಒಮ್ಮೆ ಒಳಕ್ಕೆ ಉಬ್ಬಿ ಇಳಿಯಿತು.

ಮಾವನ ಕೈಗಳು ಚೌಕಟ್ಟಿನಿಂದ ಜಾರಿದವು. ಕೀಲಿ ನೆಲಕ್ಕೆ ಬಿತ್ತು. ಅವರು ನಮ್ಮ ಯಾರನ್ನೂ ನೋಡದೆ, ಹಿತ್ತಲ ಕಡೆಗೇ ನೋಡುತ್ತಾ, "ಕೊಟ್ರವ್ವಾ" ಎಂದರು.

ಅದು ಯಾರ ಹೆಸರು ಎಂದು ಕೇಳಲು ನಾನು ನಿಲ್ಲಲಿಲ್ಲ. ನಾವು ಜಗಳೂರು ಆಸ್ಪತ್ರೆಗೆ ಹೋದೆವು. ಇವರು ಆಟೋವನ್ನು ಹೇಗೆ ಓಡಿಸಿದರೋ ದೇವರಿಗೇ ಗೊತ್ತು. ಅತ್ತೆ ಹಿಂದೆ ಗೊಬ್ಬರದ ಚೀಲಗಳ ನಡುವೆ ಕೂತು ಬಂದರು. ಡಾಕ್ಟರು ಹೊನ್ನಾಳಿ ಕಡೆಯ ಹುಡುಗಿ, ನನಗಿಂತ ಚಿಕ್ಕವಳು. ಕೂಸಿನ ಮುಖಕ್ಕೆ ಮಾಸ್ಕು ಹಾಕಿ ಔಷಧಿಯ ಹಬೆ ಕೊಟ್ಟಳು, ಸೂಜಿ ಚುಚ್ಚಿದಳು. ಮಧ್ಯಾಹ್ನದ ಹೊತ್ತಿಗೆ ಕೂಸಿನ ತುಟಿ ಕೆಂಪಾಯಿತು. ಅಮ್ಮ, ಹೊಟ್ಟೆ ಹಸಿತು ಎಂದಿತು. ನಾನು ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತುಬಿಟ್ಟೆ. ಇನ್ನೊಂದು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದಳು. ಆಮೇಲೆ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಆಗುತ್ತಿತ್ತೇ ಎಂದು ವಿಚಾರಿಸಿದಳು. ಇವರು ನನ್ನನ್ನು ತೋರಿಸಿದರು. ಬಾಗಿಲ ಬಳಿ ನಿಂತಿದ್ದ ಅತ್ತೆ, ಇನ್ನೊಬ್ಬಳಿಗೆ ಆಗುತ್ತಿತ್ತು ಎಂದರು.

ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಅತ್ತೆ ನನಗೆ ಅದನ್ನು ಹೇಳಿದರು. ಕೊಟ್ರಮ್ಮ ನಮ್ಮ ಮಾವನ ಕೊನೆಯ ತಂಗಿ. ಅತ್ತೆ ಮದುವೆಯಾಗಿ ಬಂದಾಗ ಆ ಹುಡುಗಿ ಲಂಗ ಹಾಕಿಕೊಂಡು ಓಡಾಡುತ್ತಿತ್ತು. ಅತ್ತಿಗೆ ಅತ್ತಿಗೆ ಎಂದು ನಮ್ಮತ್ತೆಯ ಸೆರಗು ಬಿಡುತ್ತಿರಲಿಲ್ಲ. ಪ್ರತಿ ಮಾಘದಲ್ಲೂ ಅವಳಿಗೆ ಮೂಗು ಸೋರಿ, ಎದೆ ಕಿರುಗುಟ್ಟುತ್ತಿತ್ತು. ಒಂದು ದಿನ ಜೋರಾಯಿತು. ಜಗಳೂರಿಗೆ ಒಯ್ಯಲೆಂದು ಹಿತ್ತಲಿನಲ್ಲಿ ಗಾಡಿ ಹೂಡಿದರು. ಎತ್ತು ಕಟ್ಟುವ ತನಕ ಹುಡುಗಿಯನ್ನು ಮೆಟ್ಟಿಲುಗಲ್ಲಿನ ಮೇಲೆ ಕೂರಿಸಿದ್ದರು. ಗಾಡಿ ಹತ್ತಿಸಲು ಎತ್ತಿಕೊಳ್ಳುವಾಗ ಅವಳು ಸೀನಿದಳು, ಒಂದೇ ಸಲ. ಮಾವನ ಅಪ್ಪ ಎತ್ತು ಬಿಚ್ಚಿಸಿದರು. ಎಲ್ಲರೂ ಅವಳ ಸುತ್ತ ಕೂತು ಎರಡನೆಯ ಸೀನಿಗೆ ಕಾದರು.

"ಇನ್ನೊಂದು ಸೀನವ್ವ, ಇನ್ನೊಂದೇ ಒಂದು ಅಂತ ಎಲ್ರೂ ಬೇಡ್ಕಂಡ್ವಿ ಕಣೆ. ಅವ್ಳೂ ಮೂಗು ಎಳ್ಕಂಡ್ಲು, ಕಣ್ಣು ಮುಚ್ಚಿದ್ಲು. ಉಸಿರಿದ್ರೆ ತಾನೇ ಸೀನಾಕೆ? ಅತ್ತಿಗೆ, ನೀರು ಅಂದ್ಲು. ನಾನು ಒಳಗೆ ಹೋಗಿ ಚೊಂಬು ತರೋದ್ರೊಳಗೆ ನಿಮ್ಮಾವ ತಡಿಲಾರ್ದೆ ಅವ್ಳನ್ನ ಎತ್ಕಂಡು ತಾನೇ ಎತ್ತು ಕಟ್ಕಂಡು ಹೊಂಟೋಗಿದ್ರು. ಜೋಡಿ ಆಗಿರ್ಲಿಲ್ಲ. ದಾರಿಯಾಗೇ ಹೋದ್ಲು."

ಒಂಟಿ ಸೀನಿನ ಮೇಲೆ ಹೊರಟು ತಂಗಿಯನ್ನು ಕೊಂದೆ ಎಂದು ಮಾವನ ಅಪ್ಪ ಸಾಯುವ ತನಕ ಮಗನ ಮೇಲೆ ಹೊರಿಸಿದರಂತೆ. ಮಾವ ಅದನ್ನು ನಂಬಿದರು. ಕಾದದ್ದಕ್ಕೆ ಸತ್ತಳು ಎಂದು ಆ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ, ಹೊಳೆದವರು ಬಾಯಿ ಬಿಡಲಿಲ್ಲ. ಕೊಡಲಾಗದೆ ಹೋದ ನೀರನ್ನು ಅತ್ತೆ ಆವತ್ತಿನಿಂದ ಪ್ರತಿ ಮಾಘದಲ್ಲೂ ಮೆಟ್ಟಿಲ ಬಳಿ ಇಡುತ್ತಾ ಬಂದಿದ್ದರು. ಎಲ್ಲವನ್ನೂ ಕೇಳಿ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆಗ ಬರದ ಆ ಎರಡನೆಯ ಸೀನನ್ನೇ ಅವಳು ಇಷ್ಟು ವರ್ಷ ನಮಗೆ ಕೊಡುತ್ತಿದ್ದಾಳೆ ಎಂದು ಯೋಚಿಸಿ, ಎದ್ದು ಒಳಗೆ ಹೋಗಿ ಕೂಸಿನ ಕೈ ಹಿಡಿದು ಕೂತೆ.

ಕೂಸಿನ ಜೊತೆ ಮನೆಗೆ ಬಂದ ದಿನ ಮಾವ ಮರ ಕಡಿಯಲು ಕೊಡಲಿ ಹಿಡಿದು ನಿಂತಿದ್ದರು. ಒಂದು ಮರ ಕಡಿದರೆ ಆಗುವಂಥದ್ದಲ್ಲ, ಆ ಪುಡಿ ಹತ್ತಾರು ಮೈಲಿ ದೂರದಿಂದಲೂ ಗಾಳಿಯಲ್ಲಿ ಬರುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ನಾನು ಹೇಳಿದೆ. ಅವರು ಕೊಡಲಿ ಕೆಳಗಿಟ್ಟರು. ಅದಾದ ಮೇಲೆ ಅವರು ಯಾವ ಸೀನಿಗೂ ಯಾರನ್ನೂ ತಡೆಯಲಿಲ್ಲ. ಬೆಳಗ್ಗೆ ಎದ್ದು ಹಿತ್ತಲ ಬಾಗಿಲಿನ ತನಕ ಹೋಗಿ, ಮೆಟ್ಟಿಲ ಮೇಲಿನ ಸ್ವಚ್ಛ ಜಾಗವನ್ನು ನೋಡಿ, ಹಾಗೇ ತಿರುಗಿ ಬರುತ್ತಿದ್ದರು.

ಈ ವರ್ಷ ನಾನು ಡಾಕ್ಟರು ಹೇಳಿದ ಹಾಗೇ ನಡೆದುಕೊಂಡೆ. ಹೂ ಬಿಡುವ ಮುಂಚೆಯೇ, ಸಂಕ್ರಾಂತಿಗೆ ಮೊದಲೇ, ನಾನೂ ಕೂಸೂ ಮೂಗಿಗೆ ಸ್ಪ್ರೇ ಶುರುಮಾಡಿದೆವು. ಗಾಳಿ ಇರುವ ಬೆಳಗ್ಗೆ ಕೂಸನ್ನು ಹೊರಗೆ ಬಿಡಲಿಲ್ಲ, ಹೊರಗೆ ಹೋದರೆ ಬಾಯಿಗೆ ಮಾಸ್ಕು. ಮಾಘ ಬಂತು, ಮರ ಬೋಳಾಯಿತು, ಹಳದಿ ಪುಡಿ ಎಂದಿನಂತೆ ಎದ್ದಿತು. ಮನೆಯಲ್ಲಿ ಒಂದೂ ಸೀನಿಲ್ಲ. ಇವರು ಹೊಸ್ತಿಲ ಬಳಿ ಹೆಲ್ಮೆಟ್ ಹಾಕಿಕೊಂಡು ಸುಮ್ಮನೆ ಒಂದು ಗಳಿಗೆ ನಿಂತು ಹೋಗುತ್ತಿದ್ದರು. ನಮಗೆ ಸೀನಿಲ್ಲ ಎಂದ ಮೇಲೆ ಹಿತ್ತಲಿಗೂ ಕೆಲಸವಿರಲಿಲ್ಲ. ಆದರೂ ಪ್ರತಿ ಬೆಳಗ್ಗೆ ಕಲ್ಲಿನ ಮೇಲೆ ಆ ಜಾಗ ಒರೆಸಿದಂತೆ ಇರುತ್ತಿತ್ತು. ಅವಳು ಅಲ್ಲೇ ಕೂತಿದ್ದಳು.

ಶಿವರಾತ್ರಿಗೆ ಮುಂಚಿನ ಒಂದು ಬೆಳಗ್ಗೆ ನಾವೆಲ್ಲ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದೆವು. ಯಾರೂ ಎಲ್ಲಿಗೂ ಹೊರಟಿರಲಿಲ್ಲ. ಹಿತ್ತಲ ಬಾಗಿಲಲ್ಲಿ ಒಂದು ಸೀನು ಕೇಳಿಸಿತು.

ನಾವು ಕಾದೆವು. ಎರಡನೆಯದು ಬರಲಿಲ್ಲ. ಅತ್ತೆ ಲೋಟ ಕೆಳಗಿಟ್ಟು ಹಿತ್ತಲ ಕಡೆಗೆ ತಿರುಗಿದರು. ಇವರು ನನ್ನ ಮುಖ ನೋಡಿದರು. ಆಗ ನನಗೆ ಅರ್ಥವಾಯಿತು. ಇಷ್ಟು ವರ್ಷ ಅವಳದು ಎರಡನೆಯ ಸೀನು. ಇವತ್ತಿನದು ಮೊದಲನೆಯದು. ಹೊರಟಿರುವವಳು ಅವಳು. ಗಾಡಿ ಹತ್ತಲು ಎದ್ದವಳು ಅಲ್ಲೇ, ಆ ಕಲ್ಲಿನ ಮೇಲೇ, ನಾವು ಜೋಡಿ ಮಾಡಿಕೊಡಲಿ ಎಂದು ಕಾಯುತ್ತಿದ್ದಾಳೆ.

ನಾನು ಮೂಗು ಎಳೆದೆ, ಕಣ್ಣು ಮುಚ್ಚಿದೆ, ಬಿಸಿಲಿಗೆ ಮುಖ ಒಡ್ಡಿದೆ. ಔಷಧಿ ಹೊಡೆದ ಮೂಗು ಕಲ್ಲಾಗಿ ಕೂತಿತ್ತು. ಅಷ್ಟು ವರ್ಷ ಬೇಡವೆಂದರೂ ಬಂದದ್ದು ಬೇಕೆಂದಾಗ ಬರಲಿಲ್ಲ. ಹಿತ್ತಲಲ್ಲಿ ಯಾರೋ ಉಸಿರು ಎಳೆದುಕೊಳ್ಳಲು ಒದ್ದಾಡುವ ಶಬ್ದ ಸಣ್ಣಗೆ ಕೇಳಿಸತೊಡಗಿತು. ಆ ಕಿರುಗುಟ್ಟುವಿಕೆ ನನಗೆ ಗೊತ್ತಿತ್ತು. ಕಾವ್ಯಶ್ರೀ ನನ್ನ ತೊಡೆಯ ಮೇಲೇ ಕೂತಿದ್ದಳು, ಅವಳ ಎದೆ ಮುಟ್ಟಿ ನೋಡಿದೆ. ಅವಳದಲ್ಲ.

ಮಾವ ಜೇಬಿನಿಂದ ನಶ್ಯದ ಡಬ್ಬಿ ತೆಗೆದರು. ಮೊದಲು ತಾವೇ ಏರಿಸಿಕೊಂಡರು. ಒಂದು ಚಿಟಿಕೆ, ಇನ್ನೊಂದು ಚಿಟಿಕೆ. ನಶ್ಯ ತಿಂದು ತಿಂದು ಸತ್ತ ಮೂಗು, ಅದಕ್ಕೆಲ್ಲಿ ಸೀನು ಬರಬೇಕು. ಮೂಗಿನಿಂದ ಕಂದು ನೀರು ಸೋರಿತು, ಕಣ್ಣಿನಿಂದ ಬರೀ ನೀರು. ಅವರು ಡಬ್ಬಿಯನ್ನು ನನ್ನ ಮುಂದೆ ಹಿಡಿದರು.

"ಇದು ಲೆಕ್ಕಕ್ಕೆ ಬರ್ತೈತಾ ಮಾವ?" ಎಂದೆ.

"ಬರ್ತೈತೆ ಕಣವ್ವ" ಎಂದರು. "ಅವತ್ತೂ ಬರ್ತಿತ್ತು."

ನಾನು ನಶ್ಯ ಏರಿಸಿ ಸೀನಿದೆ. ಎದೆಯೊಳಗಿದ್ದದ್ದೆಲ್ಲ ಕಿತ್ತು ಬರುವಂತೆ ಸೀನಿದೆ. ಹಿತ್ತಲಿನ ಕಿರುಗುಟ್ಟುವಿಕೆ ನಿಂತಿತು. ಮಾವ ಕಂಬ ಹಿಡಿದು ಎದ್ದು ಹಿತ್ತಲ ಬಾಗಿಲ ತನಕ ಹೋದರು. ಒದ್ದೆ ಪಂಚೆ ಸರಿಸಿ, ಹೊರಗೆ ಕಾಲಿಡದೆ ನಿಂತು, ಹೋಗವ್ವ ಕೊಟ್ರಿ, ಜೋಡಿ ಆತು ಎಂದರು. ನಾವು ಯಾರನ್ನೇ ಕಳಿಸುವಾಗಲೂ ಹೋಗಿ ಬಾ ಎನ್ನುತ್ತೇವೆ. ಆವತ್ತು ಅವರು ಬಾ ಎನ್ನಲಿಲ್ಲ.

ಮಾರನೆಯ ಬೆಳಗ್ಗೆ ಅತ್ತೆ ಚೊಂಬಿನಲ್ಲಿ ನೀರು ತುಂಬಿಸಿ ಹಿತ್ತಲಿಗೆ ಹೋದವರು ಬಹಳ ಹೊತ್ತು ಒಳಗೆ ಬರಲಿಲ್ಲ. ನಾನು ಹೋಗಿ ನೋಡಿದೆ. ಮೆಟ್ಟಿಲುಗಲ್ಲಿನ ಉದ್ದಕ್ಕೂ ಹಳದಿ ಪುಡಿ ಒಂದೇ ಸಮ ಕೂತಿತ್ತು. ಎಲ್ಲೂ ಒರೆಸಿದ ಜಾಗವಿರಲಿಲ್ಲ. ಅತ್ತೆ ನೀರನ್ನು ಮರದ ಬುಡಕ್ಕೆ ಸುರಿದು, ಚೊಂಬನ್ನು ಸೊಂಟಕ್ಕೆ ಒತ್ತಿಕೊಂಡು ಅತ್ತರು. ನಾನೂ ಅತ್ತುಬಿಟ್ಟೆ.

ಈಗಲೂ ಒಮ್ಮೊಮ್ಮೆ ಔಷಧಿಯನ್ನೂ ಮೀರಿ ನನಗೆ ಒಂದು ಸೀನು ಬಂದುಬಿಡುತ್ತದೆ. ಹೊಸ್ತಿಲ ಬಳಿ ಇವರು ನಿಲ್ಲುತ್ತಾರೆ. ನಾನು ಹಿಟ್ಟಿನ ಕೈಯಲ್ಲೇ ಹಿತ್ತಲ ಕಡೆಗೆ ಕಿವಿಗೊಡುತ್ತೇನೆ. ಅಲ್ಲಿ ಗಾಳಿಯ ಶಬ್ದ ಬಿಟ್ಟರೆ ಏನೂ ಇರುವುದಿಲ್ಲ. ಯಾರೋ ಇದ್ದಾಗ ಆ ಹಿತ್ತಲಿಗೆ ನಾನು ಇಷ್ಟು ಹೆದರಿರಲಿಲ್ಲ. ಹೋಗ್ರಿ, ಹೋಗಿ ಬರ್ರಿ ಎಂದು ಕೂಗುತ್ತೇನೆ, ಇವರು ಬೈಕ್ ಸ್ಟಾರ್ಟ್ ಮಾಡುತ್ತಾರೆ.